ಬಿರಡೆ ತಿರುಗಿಸಲಾರದ ಹುಡುಗ

1927ರ ನವೆಂಬರ್. ನ್ಯೂಯಾರ್ಕಿನ ಕಾರ್ನೆಗಿ ಹಾಲ್. ಚಡ್ಡಿ ತೊಟ್ಟ, ದುಂಡುಮುಖದ 11 ವರ್ಷದ ಹುಡುಗನೊಬ್ಬ ವಾದ್ಯವೃಂದದ ಮುಂದೆ ಬಂದು ನಿಂತ. ನುಡಿಸಬೇಕಿದ್ದದ್ದು ಬೀಥೋವನ್‌ನ ವಯಲಿನ್ ಕಾನ್ಸೆರ್ಟೊ. ತಲೆ ನರೆತ ವಾದಕರೂ ಅಳುಕುತ್ತಲೇ ಮುಟ್ಟುವ, ಮುಕ್ಕಾಲು ಗಂಟೆಯ ಕೃತಿ ಅದು. ವೃಂದವನ್ನು ನಡೆಸಬೇಕಿದ್ದ ಫ್ರಿಟ್ಜ್ ಬುಷ್ ಮೊದಲು ಒಪ್ಪಿರಲೇ ಇಲ್ಲ. ಹ್ಯಾಮ್ಲೆಟ್ ಪಾತ್ರಕ್ಕೆ ಯಾರಾದರೂ ಬಾಲನಟನನ್ನು ಕರೆತರುತ್ತಾರೆಯೇ ಎಂದು ಗೊಣಗಿದ್ದರಂತೆ. ಶುರುವಾಗುವ ಮುನ್ನ ಹುಡುಗ ತನ್ನ ಪಿಟೀಲನ್ನು ಪಕ್ಕದಲ್ಲಿದ್ದ ಹಿರಿಯ ವಾದಕರ ಕೈಗೆ ಕೊಟ್ಟ. ಅವರು ಶ್ರುತಿ ಸೇರಿಸಿಕೊಡಬೇಕಿತ್ತು. ಬಿಗಿಯಾದ ಬಿರಡೆ ತಿರುಗಿಸುವಷ್ಟು ಕಸುವು ಅವನ ಬೆರಳುಗಳಿಗೆ ಇನ್ನೂ ಬಂದಿರಲಿಲ್ಲ.

ಆಮೇಲೆ ಅವನು ನುಡಿಸಿದ್ದನ್ನು ಕೇಳಿ ನ್ಯೂಯಾರ್ಕ್ ಬೆರಗಾಯಿತು. ಹುಡುಗನ ಹೆಸರು ಯೆಹೂದಿ ಮೆನುಹಿನ್.

56 ವರ್ಷಗಳ ಬಳಿಕ, 1983ರಲ್ಲಿ, ಅದೇ ಮೆನುಹಿನ್ ಇಂಗ್ಲೆಂಡಿನ ಕಡಲಂಚಿನ ಊರಾದ ಫೋಕ್‌ಸ್ಟನ್‌ನಲ್ಲಿ ಎಳೆಯ ಪಿಟೀಲು ವಾದಕರಿಗಾಗಿ ಅಂತರರಾಷ್ಟ್ರೀಯ ಸ್ಪರ್ಧೆಯೊಂದನ್ನು ಶುರು ಮಾಡಿದರು. 22 ತುಂಬದವರಿಗಷ್ಟೇ ಪ್ರವೇಶ. ಜಗತ್ತು ಅದಕ್ಕೆ ‘ಪಿಟೀಲಿನ ಒಲಿಂಪಿಕ್ಸ್’ ಎಂಬ ಬಿರುದು ಕೊಟ್ಟಿತು. ಬಿರುದೇನೋ ಚೆನ್ನಾಗಿದೆ. ಆದರೆ ಪದಕದ ಲೆಕ್ಕ ಮಾತ್ರ ಹಿಡಿದು ಹೊರಟರೆ ಈ ಸ್ಪರ್ಧೆಯ ಅರ್ಧ ಕಥೆ ಕೈತಪ್ಪಿಹೋಗುತ್ತದೆ. ಉಳಿದರ್ಧ ಇರುವುದು ಆ ಬಿರಡೆಯಲ್ಲಿ. ಆ ಅರ್ಧದೊಳಗೆ ಕೋಲಾರ ಜಿಲ್ಲೆಯ ಒಂದು ಹಳ್ಳಿಯೂ ಇದೆ, ಮೈಸೂರಿನ ಅರಮನೆಯೂ ಇದೆ.

ಹಾರಲು ಕಲಿತದ್ದು ಹೇಗೆಂದು ಹಕ್ಕಿಗೆ ಗೊತ್ತೇ?

ಮೆನುಹಿನ್ ಹುಟ್ಟಿದ್ದು 1916ರಲ್ಲಿ ನ್ಯೂಯಾರ್ಕಿನಲ್ಲಿ, ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ರಷ್ಯಾದ ಕಡೆಯಿಂದ ಬಂದ ಯಹೂದಿ ಕುಟುಂಬ. ನಾಲ್ಕು ವರ್ಷದವನಿದ್ದಾಗ ಪಿಟೀಲು ಬೇಕೆಂದು ಹಟ ಹಿಡಿದವನಿಗೆ ಯಾರೋ ತಗಡಿನ ಆಟಿಕೆ ಪಿಟೀಲು ತಂದುಕೊಟ್ಟರು. ಅದು ಹಾಡಲಿಲ್ಲ. ಹುಡುಗ ಅಳುತ್ತ ನೆಲಕ್ಕೆ ಎಸೆದ. ನಿಜವಾದ ಪಿಟೀಲು ಕೈಗೆ ಬಂದ ಮೇಲೆ ಮಾತ್ರ ಅವನಿಗೆ ತಡೆಯೇ ಇರಲಿಲ್ಲ. ಏಳನೇ ವಯಸ್ಸಿಗೆ ಸ್ಯಾನ್ ಫ್ರಾನ್ಸಿಸ್ಕೊದ ವಾದ್ಯವೃಂದದೊಂದಿಗೆ ವೇದಿಕೆ ಏರಿದ. 1929ರ ಏಪ್ರಿಲ್‌ನಲ್ಲಿ, 13 ತುಂಬಲು ಕೆಲವೇ ದಿನ ಬಾಕಿಯಿರುವಾಗ, ಬರ್ಲಿನ್ ಫಿಲ್‌ಹಾರ್ಮೊನಿಕ್ ಜೊತೆ ಒಂದೇ ಸಂಜೆ ಬಾಖ್, ಬೀಥೋವನ್, ಬ್ರಾಮ್ಸ್ ಈ ಮೂವರ ಕಾನ್ಸೆರ್ಟೊಗಳನ್ನು ನುಡಿಸಿ ಮುಗಿಸಿದ. 16ನೇ ವಯಸ್ಸಿಗೆ ಲಂಡನ್ನಿನ ಸ್ಟುಡಿಯೊದಲ್ಲಿ ಸಂಯೋಜಕ ಎಲ್ಗರ್ ಅವರ ಕಾನ್ಸೆರ್ಟೊ ಧ್ವನಿಮುದ್ರಣ. ವೃಂದವನ್ನು ನಡೆಸಿದವರು ಖುದ್ದು ಎಲ್ಗರ್.

ಈ ಹುಡುಗ ಶಾಲೆಯ ಮೆಟ್ಟಿಲು ಹತ್ತಿದ್ದು ಒಂದೇ ಒಂದು ದಿನವಂತೆ. ಉಳಿದದ್ದೆಲ್ಲ ಮನೆಪಾಠ, ರೈಲು, ಹಡಗು, ಹೋಟೆಲು, ಚಪ್ಪಾಳೆ. ಹಕ್ಕಿ ಹಾರುವಂತೆ ಅವನು ನುಡಿಸುತ್ತಿದ್ದ. ಹೇಗೆ ಹಾರುತ್ತೇನೆ ಎಂದು ಹಕ್ಕಿ ಯೋಚಿಸುವುದಿಲ್ಲವಲ್ಲ, ಹಾಗೆ. ಅದರ ಅಪಾಯ ಗೊತ್ತಾಗುವುದು ರೆಕ್ಕೆ ನೋಯತೊಡಗಿದ ದಿನ.

ಆ ದಿನ ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಮಿತ್ರಪಡೆಗಳ ಸೈನಿಕರಿಗಾಗಿ ಮೆನುಹಿನ್ 500ಕ್ಕೂ ಹೆಚ್ಚು ಕಛೇರಿ ಕೊಟ್ಟರು. 1945ರಲ್ಲಿ ಸಂಯೋಜಕ ಬೆಂಜಮಿನ್ ಬ್ರಿಟನ್ ಜೊತೆಗೂಡಿ ಬೆರ್ಗೆನ್-ಬೆಲ್ಸೆನ್ ಯಾತನಾ ಶಿಬಿರದಲ್ಲಿ ಬದುಕುಳಿದವರ ಮುಂದೆ ನುಡಿಸಿದರು. ದಣಿವು ಮೈಗಿಳಿಯಿತು. ಕಮಾನು ಹಿಡಿದ ಬಲಗೈ ಮೊದಲಿನಂತೆ ಮಾತು ಕೇಳದಾಯಿತು. ಬಾಲ್ಯದಲ್ಲಿ ತಾನಾಗಿಯೇ ಆಗುತ್ತಿದ್ದದ್ದು ಮೂವತ್ತರ ಹರೆಯದಲ್ಲಿ ಬೇಕೆಂದರೂ ಆಗುತ್ತಿರಲಿಲ್ಲ. ಲೋಕ ಕಂಡ ಅತಿ ದೊಡ್ಡ ಬಾಲಪ್ರತಿಭೆ ತಾನು ಪಿಟೀಲನ್ನು ಹೇಗೆ ಹಿಡಿಯುತ್ತೇನೆ ಎಂಬಲ್ಲಿಂದ ಮತ್ತೆ ಕಲಿಯಬೇಕಾಯಿತು. ಬೆರಳಿಗೆ ಕಸುವು ಬಂದಿತ್ತು, ಬಿರಡೆಯೂ ತಿರುಗುತ್ತಿತ್ತು. ಶ್ರುತಿ ತಪ್ಪಿದ್ದು ಮೈಯೊಳಗೆ.

ಐದು ನಿಮಿಷದ ಭೇಟಿ

ಪಾಶ್ಚಾತ್ಯ ಪದ್ಧತಿಯಲ್ಲಿ ಪಿಟೀಲು ನುಡಿಸುವುದು ದೇಹಕ್ಕೆ ಸುಖದ ಕೆಲಸವಲ್ಲ. ವಾದಕ ನಿಂತಿರುತ್ತಾನೆ. ವಾದ್ಯ ಎಡಭುಜ ಮತ್ತು ದವಡೆಯ ನಡುವೆ ಸಿಕ್ಕಿಕೊಂಡಿರುತ್ತದೆ. ಕತ್ತು ಎಡಕ್ಕೆ ವಾಲಿ, ಎಡ ಮುಂಗೈ ಹೊರಕ್ಕೆ ತಿರುಚಿ, ಬಲಗೈ ಗಾಳಿಯಲ್ಲಿ ಹಾಗೇ ತೂಗಿರಬೇಕು. ಮೈಯ ಎರಡು ಪಕ್ಕ ಎರಡು ಬೇರೆ ಬೇರೆ ಕೆಲಸ ಮಾಡುತ್ತಿರುತ್ತವೆ, ಅದೂ ದಿನಕ್ಕೆ ಐದಾರು ಗಂಟೆ. ನಮ್ಮ ವಿದ್ವಾಂಸರು ಇದೇ ವಾದ್ಯವನ್ನು ನೆಲಕ್ಕೆ ಇಳಿಸಿಕೊಂಡರು. ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ಒಂದು ತುದಿಯನ್ನು ಎದೆಗೂ ಇನ್ನೊಂದನ್ನು ಪಾದಕ್ಕೂ ಆನಿಸಿದರು. ಗಮಕಕ್ಕಾಗಿ ಎಡಗೈ ತಂತಿಯ ಮೇಲೆ ಮೇಲಕ್ಕೂ ಕೆಳಕ್ಕೂ ಸರಾಗವಾಗಿ ಜಾರಬೇಕು, ಅದಕ್ಕೆ ವಾದ್ಯದ ಭಾರ ಹೊರುವ ಕೆಲಸದಿಂದ ಬಿಡುಗಡೆ ಬೇಕು. ಮೆನುಹಿನ್‌ಗೆ ಆ ಬಿಡುಗಡೆ ಇರಲಿಲ್ಲ.

1951ರಲ್ಲಿ ನ್ಯೂಜಿಲೆಂಡ್ ಪ್ರವಾಸದಲ್ಲಿದ್ದಾಗ ವೈದ್ಯರೊಬ್ಬರಿಗಾಗಿ ಕಾಯುತ್ತ ಕೂತಿದ್ದ ಅವರ ಕೈಗೆ ಯೋಗದ ಪುಟ್ಟ ಪುಸ್ತಕವೊಂದು ಸಿಕ್ಕಿತು. ಮರುವರ್ಷ ನೆಹರೂ ಅವರ ಆಹ್ವಾನದ ಮೇರೆಗೆ ಭಾರತಕ್ಕೆ ಬಂದು ಬರ ಪರಿಹಾರಕ್ಕಾಗಿ ಕಛೇರಿಗಳನ್ನು ಕೊಟ್ಟರು. ಯೋಗದ ಮಾತು ಬಂದಾಗ ನೆಹರೂ ‘ಎಲ್ಲಿ, ಶೀರ್ಷಾಸನ ಹಾಕಿ ತೋರಿಸಿ’ ಎಂದು ಪಂಥ ಒಡ್ಡಿದರಂತೆ. ಅತಿಥಿ ತಲೆಕೆಳಗಾದರು. ಅದು ಸರಿಯಿಲ್ಲವೆಂದು ಪ್ರಧಾನಿಯೂ ತಲೆಕೆಳಗಾದರಂತೆ. ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ಮೆನುಹಿನ್ ಹೋದಲ್ಲೆಲ್ಲ ಯೋಗ ಕಲಿಸುವವರ ಸಾಲು.

ಆ ಸಾಲಿನಲ್ಲಿ ಪುಣೆಯಿಂದ ಮುಂಬಯಿಗೆ ಬಂದ 33ರ ತರುಣನೊಬ್ಬನಿದ್ದ. ಹೆಸರು ಬಿ.ಕೆ.ಎಸ್. ಅಯ್ಯಂಗಾರ್. ಹೆಸರಿನ ಮೊದಲ ಅಕ್ಷರ ಬೆಳ್ಳೂರು, ಕೋಲಾರ ಜಿಲ್ಲೆಯ ಹಳ್ಳಿ. 1918ರ ಇನ್‌ಫ್ಲುಯೆಂಜಾ ಹಾವಳಿಯ ನಡುವೆ ಹುಟ್ಟಿದ ಮಗು. ಬಾಲ್ಯವಿಡೀ ಮಲೇರಿಯಾ, ಟೈಫಾಯ್ಡ್, ಕ್ಷಯ. ಸೊರಗಿದ ಹುಡುಗನನ್ನು ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿಗೆ ಕರೆಸಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ನಡೆಯುತ್ತಿದ್ದ ಯೋಗಶಾಲೆಯಲ್ಲಿ ಆ ಮೈ ಬಾಗುವುದನ್ನು ಕಲಿಯಿತು.

ಮೆನುಹಿನ್ ಕೊಟ್ಟ ಸಮಯ ಐದೇ ನಿಮಿಷ. ತುಂಬ ದಣಿದಿದ್ದೇನೆ, ನಿದ್ದೆಯೇ ಬರುತ್ತಿಲ್ಲ ಎಂದರಂತೆ. ಅಯ್ಯಂಗಾರ್ ಮೆನುಹಿನ್‌ರನ್ನು ಮಲಗಿಸಿ, ಕಣ್ಣು ಕಿವಿಗಳನ್ನು ಬೆರಳಿನಿಂದ ಮೆಲ್ಲಗೆ ಮುಚ್ಚಿದರು. ಮೆನುಹಿನ್ ಗೊರಕೆ ಹೊಡೆದರು. ಐದು ನಿಮಿಷ ಗಂಟೆಗಟ್ಟಲೆಯಾಯಿತು, ಭೇಟಿ ಬದುಕಿನುದ್ದದ ಗೆಳೆತನವಾಯಿತು. 1954ರಲ್ಲಿ ಮೆನುಹಿನ್ ತಮ್ಮ ಗುರುವನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. ಅಯ್ಯಂಗಾರ್ ಯೋಗ ಯುರೋಪಿಗೆ ಕಾಲಿಟ್ಟದ್ದು ಹಾಗೆ. ಅಯ್ಯಂಗಾರ್ ಅವರಿಗೆ ಮೆನುಹಿನ್ ಒಂದು ಕೈಗಡಿಯಾರ ಕೊಟ್ಟರು. ಅದರ ಹಿಂಬದಿಯಲ್ಲಿ ಅಯ್ಯಂಗಾರ್ ತಮ್ಮ ಅತ್ಯುತ್ತಮ ಪಿಟೀಲು ಮೇಷ್ಟ್ರು ಎಂಬರ್ಥದ ಮಾತು ಕೆತ್ತಿಸಿದ್ದರು. ಕಮಾನು ಹಿಡಿಯುವುದು ಹೇಗೆಂದೇ ಗೊತ್ತಿಲ್ಲದ ಮೇಷ್ಟ್ರು! 1966ರಲ್ಲಿ ಅಯ್ಯಂಗಾರ್ ಅವರ ‘ಲೈಟ್ ಆನ್ ಯೋಗ’ ಪ್ರಕಟವಾದಾಗ ಮುನ್ನುಡಿ ಬರೆದದ್ದೂ ಮೆನುಹಿನ್ನರೇ. 1982ರಲ್ಲಿ ಬರ್ಲಿನ್ ಫಿಲ್‌ಹಾರ್ಮೊನಿಕ್‌ನ ಶತಮಾನೋತ್ಸವದಲ್ಲಿ ಅವರು ಶೀರ್ಷಾಸನ ಹಾಕಿ, ಕಾಲಿನಿಂದಲೇ ಬೀಥೋವನ್‌ನ ಐದನೇ ಸಿಂಫನಿಯ ಆರಂಭವನ್ನು ನಡೆಸಿದರು. ಸಭೆ ನಕ್ಕಿತು. ಕೋಲಾರದ ಗುರುವಿಗೆ ಸಂದ ಕಾಣಿಕೆ ಅದೆಂದು ಆ ಸಭೆಯಲ್ಲಿ ಎಷ್ಟು ಜನ ಬಲ್ಲರೋ!

ಮೈಸೂರಿನ ಇನ್ನೊಂದು ಎಳೆಯೂ ಇಲ್ಲಿದೆ. ಜಯಚಾಮರಾಜೇಂದ್ರ ಒಡೆಯರ್ ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸುತ್ತಿದ್ದಂತೆಯೇ ಪಾಶ್ಚಾತ್ಯ ಸಂಗೀತದಲ್ಲೂ ಲಂಡನ್ನಿನ ಪದವಿ ಪಡೆದವರು. 1948ರಲ್ಲಿ ಅವರು ಲಂಡನ್ನಿನ ಫಿಲ್‌ಹಾರ್ಮೊನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರಾದರು. ಯುದ್ಧಾನಂತರದ ಬಡತನದಲ್ಲಿ ಫಿಲ್‌ಹಾರ್ಮೊನಿಯಾ ವಾದ್ಯವೃಂದವನ್ನು ನಿಲ್ಲಿಸಿದ ಕೈಗಳಲ್ಲಿ ಮೈಸೂರಿನ ಕೈಯೂ ಒಂದು. 1953ರಲ್ಲಿ ಮೆನುಹಿನ್ ಬೀಥೋವನ್ ಕಾನ್ಸೆರ್ಟೊವನ್ನು ಫುರ್ಟ್‌ವೆಂಗ್ಲರ್ ನೇತೃತ್ವದಲ್ಲಿ ಧ್ವನಿಮುದ್ರಿಸಿದ್ದು ಇದೇ ವೃಂದದೊಂದಿಗೆ. ಕಾರ್ನೆಗಿ ಹಾಲ್‌ನ ಅದೇ ಕೃತಿ. ಈ ಸಲ ಶ್ರುತಿ ಅವರದ್ದೇ.

ಸೋತವರು ಊರಿಗೆ ಹೋಗುವುದಿಲ್ಲ

ಸ್ಪರ್ಧೆಗಳಿರುವುದು ಕುದುರೆಗಳಿಗೆ, ಕಲಾವಿದರಿಗಲ್ಲ ಎಂಬ ಮಾತು ಹಂಗೇರಿಯ ಸಂಯೋಜಕ ಬೇಲಾ ಬಾರ್ಟೋಕ್ ಅವರ ಹೆಸರಿನಲ್ಲಿ ಸಂಗೀತಲೋಕದಲ್ಲಿ ಓಡಾಡುತ್ತಿರುತ್ತದೆ. ವಲಸೆ ಹೋಗಿ ಅಮೆರಿಕದಲ್ಲಿ ಬಡತನ, ಕಾಯಿಲೆಗಳಿಂದ ನರಳುತ್ತಿದ್ದ ಬಾರ್ಟೋಕ್‌ಗೆ ಹಣ ಕೊಟ್ಟು ಒಂಟಿ ಪಿಟೀಲಿನ ಸೊನಾಟಾ ಬರೆಸಿ, 1944ರಲ್ಲಿ ಅದನ್ನು ಮೊದಲ ಬಾರಿಗೆ ನುಡಿಸಿದವರು ಮೆನುಹಿನ್. ಅಂಥವರೇ ಸ್ಪರ್ಧೆಯೊಂದನ್ನು ಹುಟ್ಟುಹಾಕಿದರು ಎಂದರೆ ವಿಚಿತ್ರ ಅನ್ನಿಸಬಹುದು. ಬಾಲ್ಯದಲ್ಲಿ ಅವರು ಸ್ಪರ್ಧೆಗಳ ಏಣಿ ಹತ್ತಿ ಮೇಲೆ ಬಂದವರೂ ಅಲ್ಲ.

ಹಾಗಾದರೆ ಯಾಕೆ? 1963ರಲ್ಲಿ ಅವರು ಸಂಗೀತ ಕಲಿಯುವ ಮಕ್ಕಳಿಗಾಗಿ ಇಂಗ್ಲೆಂಡಿನಲ್ಲಿ ವಸತಿ ಶಾಲೆಯನ್ನೇ ಕಟ್ಟಿದ್ದರು. ತಾನು ಒಂದೇ ದಿನ ಕಂಡ ಶಾಲೆಯನ್ನು ಮಕ್ಕಳಿಗೆ ವರ್ಷಗಟ್ಟಲೆ ಕೊಡುವ ಆಸೆ. ಓರಗೆಯವರ ನಡುವೆ ಕಲಿಯುವ ಸುಖ ಅವರಿಗೆ ಸಿಕ್ಕಿರಲಿಲ್ಲ. ಇಪ್ಪತ್ತು ವರ್ಷದ ಬಳಿಕ ಬಂದ ಸ್ಪರ್ಧೆಯನ್ನು ಆ ಶಾಲೆಯ ಮುಂದಿನ ಪಾಠವೆಂದು ಓದಿಕೊಂಡರೆ ಅದರ ನಿಯಮಗಳು ಅರ್ಥವಾಗುತ್ತವೆ.

ಎರಡು ವಿಭಾಗ. 16 ತುಂಬದವರು ಜೂನಿಯರ್, ಅಲ್ಲಿಂದ 22ರೊಳಗಿನವರು ಸೀನಿಯರ್. ಜಗತ್ತಿನ ಮೂಲೆಮೂಲೆಯಿಂದ ಬರುವ ಮುದ್ರಣಗಳನ್ನು ಕೇಳಿ, ಒಂದೊಂದು ವಿಭಾಗಕ್ಕೆ 22ರಂತೆ 44 ಮಂದಿಯನ್ನು ಆರಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ನಡೆಯುತ್ತ ಬಂದ ಈ ಸ್ಪರ್ಧೆಗೆ ಕಾಯಂ ಮನೆಯಿಲ್ಲ. ಫೋಕ್‌ಸ್ಟನ್‌ನಿಂದ ಹೊರಟು, ಕಡಲಾಚೆಯ ಫ್ರಾನ್ಸಿನ ಬುಲೋನ್‌ಗೆ ಹೋಯಿತು. ಲಂಡನ್, ಕಾರ್ಡಿಫ್, ಓಸ್ಲೊ, ಬೀಜಿಂಗ್, ಆಸ್ಟಿನ್, ಜಿನೀವಾ ಹೀಗೆ ಊರೂರು ತಿರುಗಿತು. ಬಂದ ಮಕ್ಕಳಿಗೆ ಒಂಟಿ ಪಿಟೀಲಿನ ಬಾಖ್, ಬೆರಳು ಮುರಿಯುವ ಪಗನಿನಿ, ಪಾರದರ್ಶಕವಾದ ಮೊಜಾರ್ಟ್ ಎಲ್ಲ ಪರೀಕ್ಷೆ. ಜೊತೆಗೆ ಸ್ಪರ್ಧೆಗೆಂದೇ ಬರೆಸಿದ ಹೊಚ್ಚ ಹೊಸ ಕೃತಿಯೊಂದು. ನನಗೆ ಇಲ್ಲಿ ಎಲ್ಲಕ್ಕಿಂತ ಜಾಣತನದ್ದು ಅನ್ನಿಸುವುದು ಈ ಕೊನೆಯದು. ಇಂದು ಯಾವ ಕೃತಿಗೂ ಯೂಟ್ಯೂಬಿನಲ್ಲಿ ಐವತ್ತು ಮಾದರಿ ಸಿಗುತ್ತವೆ. ಹತ್ತು ವರ್ಷದ ಚುರುಕು ಕಿವಿ ಅವನ್ನು ಹಾಗೇ ಹೀರಿ ನುಡಿಸಿಬಿಡಬಲ್ಲದು. ಯಾರೂ ನುಡಿಸಿರದ ಪುಟವೊಂದನ್ನು ಎದುರಿಗಿಟ್ಟಾಗ ಮಾತ್ರ ಮಗು ತಾನೇ ಯೋಚಿಸಬೇಕು. ಹಕ್ಕಿಯಂತೆ ಹಾರುತ್ತಿದ್ದವನು ಮೂವತ್ತಕ್ಕೆ ಕಲಿತ ಪಾಠವನ್ನು ಈ ಮಕ್ಕಳು ಹನ್ನೆರಡಕ್ಕೇ ಕಲಿಯುತ್ತಾರೆ.

ಇನ್ನೊಂದು ನಿಯಮವನ್ನು ನಮ್ಮ ಟಿವಿ ಸ್ಪರ್ಧೆಗಳನ್ನು ನೋಡಿದವರು ನಂಬಲಿಕ್ಕಿಲ್ಲ. ಮೊದಲ ಸುತ್ತಿನಲ್ಲಿ ಬಿದ್ದವರು ಸೂಟ್‌ಕೇಸ್ ಹಿಡಿದು, ಕಣ್ಣೊರೆಸಿಕೊಂಡು, ಕ್ಯಾಮೆರಾಕ್ಕೆ ಕೈಬೀಸಿ ಹೋಗುವ ದೃಶ್ಯ ಇಲ್ಲಿಲ್ಲ. ಸೋತವರೂ ಕೊನೆಯ ದಿನದವರೆಗೆ ಉಳಿಯಬಹುದು. ಉಳಿಯಲಿ ಎಂದೇ ಏರ್ಪಾಡು. ತೀರ್ಪು ಕೊಟ್ಟ ಹಿರಿಯರೇ ಅವರಿಗೆ ಪಾಠ ಹೇಳುತ್ತಾರೆ. ಊರಿನ ಜನರ ಮುಂದೆ ಅವರ ಕಛೇರಿಗಳು ನಡೆಯುತ್ತವೆ. ತೀರ್ಪುಗಾರರೂ ಸುಮ್ಮನೆ ಕೂತು ಅಂಕ ಹಾಕಿ ಹೋಗುವಂತಿಲ್ಲ, ವೇದಿಕೆ ಏರಿ ನುಡಿಸಬೇಕು. ಮಕ್ಕಳನ್ನು ಅಳೆದವರು ತಾವೂ ಮಕ್ಕಳ ಕಿವಿಗೆ ಸಿಕ್ಕುತ್ತಾರೆ. ಗೆದ್ದವರು ಮುಂದೊಂದು ದಿನ ಅದೇ ಮೇಜಿನ ಆಚೆ ಬದಿಗೆ ಬಂದು ಕೂರುವುದೂ ಉಂಟು; 1989ರಲ್ಲಿ ಗೆದ್ದ ಜೋಜಿ ಹಟ್ಟೋರಿ ಹಾಗೆ ತೀರ್ಪುಗಾರರಾದವರು. 2002ರಿಂದ ಕಲಾ ನಿರ್ದೇಶಕರಾಗಿದ್ದ ಗಾರ್ಡನ್ ಬ್ಯಾಕ್ ಮೂಲತಃ ಪಿಯಾನೊ ಪಕ್ಕವಾದ್ಯದವರು. ಮುಂದೆ ನಿಂತವರ ಉಸಿರು ಹಿಡಿದು ನುಡಿಸಿ ಅಭ್ಯಾಸವಾದ ಕೈ ಸ್ಪರ್ಧೆಯ ಚುಕ್ಕಾಣಿ ಹಿಡಿದದ್ದು ನನಗೆ ಬಹಳ ಸರಿಯೆನಿಸುತ್ತದೆ.

ಜಿನೀವಾದಲ್ಲಿ ಒಂದು ಚಳಿಗಾಲ

2018ರ ಏಪ್ರಿಲ್. ಜಿನೀವಾ. ಜೂನಿಯರ್ ವಿಭಾಗದ ಅಂತಿಮ ಸುತ್ತು. ಸಿಂಗಪುರದ 11 ವರ್ಷದ ಕ್ಲೋಯಿ ಚುವಾ ವಿವಾಲ್ಡಿಯ ‘ನಾಲ್ಕು ಋತುಗಳು’ ಮಾಲಿಕೆಯ ಚಳಿಗಾಲವನ್ನು ನುಡಿಸಲು ನಿಂತಳು. ಆ ಕೃತಿಯ ಆರಂಭವೇ ನಡುಕ. ವೃಂದ ಒಂದೊಂದೇ ಸ್ವರವನ್ನು ಹಿಮದ ಹಾಗೆ ಸುರಿಯುತ್ತದೆ, ಅದರ ಮೇಲೆ ಒಂಟಿ ಪಿಟೀಲು ಗಾಳಿಯಾಗಿ ಬೀಸುತ್ತದೆ. ಮುಂದೆ ಹಲ್ಲು ಕಟಕಟಿಸುವ ಸದ್ದು, ಮಂಜುಗಡ್ಡೆಯ ಮೇಲೆ ಜಾರಿ ಬೀಳುವ ಸದ್ದು. ವರ್ಷವಿಡೀ ಸೆಕೆಯಿರುವ ಊರಿನ ಹುಡುಗಿ, ಕೇಳುಗರ ಕಣ್ಣೆದುರು ಹಿಮ ಬೀಳಿಸಿಬಿಟ್ಟಳು. ಆಸ್ಟ್ರೇಲಿಯಾದ ಮೆಲ್ಬರ್ನಿನ 10 ವರ್ಷದ ಕ್ರಿಶ್ಚಿಯನ್ ಲೀ ಆರಿಸಿಕೊಂಡದ್ದು ಬೇಸಿಗೆಯನ್ನು, ಗುಡುಗು ಸಿಡಿಲಿನ ಬೇಸಿಗೆ. ತೀರ್ಪುಗಾರರಿಗೆ ಋತುಗಳಲ್ಲಿ ಒಂದನ್ನು ಮೇಲೆ ಇನ್ನೊಂದನ್ನು ಕೆಳಗೆ ಇಡಲಾಗಲಿಲ್ಲ. ಮೊದಲ ಬಹುಮಾನ ಇಬ್ಬರಿಗೂ. ಆ ವಿಡಿಯೊಗಳನ್ನು ಲಕ್ಷಗಟ್ಟಲೆ ಜನ ನೋಡಿದರು.

ವಿವಾಲ್ಡಿಯನ್ನು ಮಕ್ಕಳ ಕೈಗಿಟ್ಟದ್ದು ಔಚಿತ್ಯದ ಮಾತೂ ಹೌದು. ವೆನಿಸ್ಸಿನ ಅನಾಥಾಶ್ರಮವೊಂದರಲ್ಲಿ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸಿ ವರ್ಷಗಟ್ಟಲೆ ಅನ್ನ ಉಂಡ ಮನುಷ್ಯ ಆತ. ಎಳೆಯ ಬೆರಳು ಏನು ಮಾಡಬಲ್ಲದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಇಂಥ ವಿಡಿಯೊ ನೋಡುವಾಗಲೆಲ್ಲ ಬೆರಗಿನ ಹಿಂದೆಯೇ ಒಂದು ಮುಳ್ಳು ಚುಚ್ಚುತ್ತದೆ. ಈ ಮಗು ಆಡುವುದು ಯಾವಾಗ? ಈ ಕೈ ಮೂವತ್ತರಲ್ಲಿ ಹೇಗಿರುತ್ತದೆ? ಸ್ಪರ್ಧೆಗಳ ಮೇಲಿನ ದೂರುಗಳು ಹೊಸವಲ್ಲ. ತಪ್ಪಿಲ್ಲದೆ ನುಡಿಸುವವರು ಗೆಲ್ಲುತ್ತಾರೆ, ತಮ್ಮದಾಗಿ ನುಡಿಸುವವರು ಸೋಲುತ್ತಾರೆ ಎನ್ನುತ್ತಾರೆ. ಒಳ್ಳೆಯ ವಾದ್ಯ, ಒಳ್ಳೆಯ ಗುರು, ವಿಮಾನದ ಖರ್ಚು ಇವನ್ನೆಲ್ಲ ಹೊರಬಲ್ಲ ಮನೆಗಳ ಮಕ್ಕಳಷ್ಟೇ ಬಾಗಿಲವರೆಗೆ ಬರುತ್ತಾರೆ ಎನ್ನುತ್ತಾರೆ. ಎರಡರಲ್ಲೂ ಸತ್ಯವಿದೆ. ಸೋತವರನ್ನು ಊರಲ್ಲೇ ಉಳಿಸಿಕೊಂಡ ಮಾತ್ರಕ್ಕೆ ಸೋಲಿನ ನೋವು ಇಲ್ಲವಾಗುವುದಿಲ್ಲ. 12 ವರ್ಷದ ಮಗುವಿಗೆ ಪಟ್ಟಿಯಲ್ಲಿ ತನ್ನ ಹೆಸರಿಲ್ಲ ಎಂಬುದಷ್ಟೇ ಕಾಣುತ್ತದೆ. ಮರುದಿನದ ಪಾಠ ಎಷ್ಟು ಬೆಲೆಯದೆಂದು ತಿಳಿಯಲು ಇನ್ನೂ ಹತ್ತು ವರ್ಷ ಬೇಕು.

2020ರಲ್ಲಿ ಅಮೆರಿಕದ ರಿಚ್ಮಂಡಿನಲ್ಲಿ ನಡೆಯಬೇಕಿದ್ದ ಸ್ಪರ್ಧೆಯನ್ನು ಕೊರೊನಾ ತಡೆಯಿತು. 2021ರ ಮೇ ತಿಂಗಳಲ್ಲಿ ಅದು ನಡೆದದ್ದು ಆನ್‌ಲೈನಿನಲ್ಲಿ. ಮಕ್ಕಳು ತಂತಮ್ಮ ಊರುಗಳಿಂದಲೇ ನುಡಿಸಿ ಕಳಿಸಿದರು. ಸಂಗೀತವೇನೋ ತಲುಪಿತು. ಮೆನುಹಿನ್ ಕಟ್ಟಲು ಹೊರಟಿದ್ದ ಇನ್ನೊಂದು ಅರ್ಧ, ಅಂದರೆ ಒಂದೇ ಊಟದ ಮೇಜು, ಒಬ್ಬರ ಅಭ್ಯಾಸ ಇನ್ನೊಬ್ಬರ ಗೋಡೆಯಾಚೆ ಕೇಳುವುದು, ಸೋತ ಸಂಜೆ ಜೊತೆಗಿರಲು ಒಬ್ಬ ಗೆಳೆಯ, ಅವು ಯಾವ ತಂತಿಯಲ್ಲೂ ಹರಿದು ಬರುವಂಥವಲ್ಲ.

ಮೊದಲ ಕುರ್ಚಿ

ಆ ಆನ್‌ಲೈನ್ ಸ್ಪರ್ಧೆಯಲ್ಲಿ ಸೀನಿಯರ್ ವಿಭಾಗ ಗೆದ್ದವಳು ಸ್ಪೇನಿನ ಗ್ರಾನಾಡಾದ ಮರಿಯಾ ದುಯೆನ್ಯಾಸ್, ಆಗ 18 ವರ್ಷ. ಎರಡು ವರ್ಷದ ಬಳಿಕ ಬಂದ ಅವಳ ಆಲ್ಬಮ್‌ನಲ್ಲಿದ್ದದ್ದು ಮತ್ತದೇ ಬೀಥೋವನ್ ಕಾನ್ಸೆರ್ಟೊ. ಅದರಲ್ಲಿ ವೃಂದ ಸುಮ್ಮನಾಗಿ ಪಿಟೀಲು ಒಂಟಿಯಾಗಿ ವಿಹರಿಸುವ ಜಾಗಗಳಿವೆ, ಕಡೆಂಜಾ ಎನ್ನುತ್ತಾರೆ. ನಮ್ಮ ಮನೋಧರ್ಮಕ್ಕೆ ದೂರದ ನೆಂಟ. ಬೀಥೋವನ್ ಪಿಟೀಲಿಗೆಂದು ಅವನ್ನು ಬರೆದಿಡಲಿಲ್ಲ. ಬಹಳ ಮಂದಿ ಹಳೆಯ ಮಹನೀಯರು ಬರೆದಿಟ್ಟದ್ದನ್ನೇ ನುಡಿಸುತ್ತಾರೆ. ದುಯೆನ್ಯಾಸ್ ತನ್ನವನ್ನು ತಾನೇ ಬರೆದುಕೊಂಡಳು.

ಹೀಗೆ ಹಿಂದಿರುಗಿ ನೋಡಿದರೆ ಗೆದ್ದವರ ದಾರಿಗಳು ಒಂದೊಂದು ಒಂದೊಂದು ಕಡೆಗೆ. 1995ರಲ್ಲಿ ಜೂನಿಯರ್ ವಿಭಾಗ ಗೆದ್ದ ಜರ್ಮನಿಯ ಯೂಲಿಯಾ ಫಿಷರ್ 23ನೇ ವಯಸ್ಸಿಗೆ ಫ್ರಾಂಕ್‌ಫರ್ಟಿನ ಸಂಗೀತ ವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು. 2008ರಲ್ಲಿ ಕಾರ್ಡಿಫ್‌ನಲ್ಲಿ ಗೆದ್ದ ರೇ ಚೆನ್ ಮರುವರ್ಷ ಬ್ರಸೆಲ್ಸಿನ ಕ್ವೀನ್ ಎಲಿಜಬೆತ್ ಸ್ಪರ್ಧೆಯನ್ನೂ ಗೆದ್ದು ಜಗತ್ತು ಸುತ್ತತೊಡಗಿದರು. ಕ್ರಿಶ್ಚಿಯನ್ ಲೀಯನ್ನು ಡೆಕ್ಕಾ ಧ್ವನಿಮುದ್ರಣ ಸಂಸ್ಥೆ ಬಾಲ್ಯದಲ್ಲೇ ಬರಮಾಡಿಕೊಂಡಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಇನ್ನೊಬ್ಬರ ದಾರಿ. 1993ರಲ್ಲಿ ಜೂನಿಯರ್ ವಿಭಾಗ ಗೆದ್ದ ಜಪಾನಿ ಹುಡುಗ ದೈಶಿನ್ ಕಾಶಿಮೊಟೊ. ಮುಂದೆ ಒಂಟಿ ವಾದಕನಾಗಿ ಹೆಸರು ಮಾಡಿದವರು 2009ರಲ್ಲಿ ಬರ್ಲಿನ್ ಫಿಲ್‌ಹಾರ್ಮೊನಿಕ್‌ನ ಮೊದಲ ಕನ್ಸರ್ಟ್‌ಮಾಸ್ಟರ್‌ಗಳಲ್ಲಿ, ಅಂದರೆ ಪಿಟೀಲು ಸಾಲಿನ ಮೊದಲ ಕುರ್ಚಿಯವರಲ್ಲಿ, ಒಬ್ಬರಾದರು. 1929ರಲ್ಲಿ 12 ವರ್ಷದ ಮೆನುಹಿನ್ ಹಿಂದೆ ಕೂತು ನುಡಿಸಿದ್ದ ಅದೇ ವೃಂದ. 1999ರ ಮಾರ್ಚಿನಲ್ಲಿ ಮೆನುಹಿನ್ ಕಣ್ಣು ಮುಚ್ಚಿದ ಅದೇ ಊರು.

ಕನ್ಸರ್ಟ್‌ಮಾಸ್ಟರ್‌ನ ಕೆಲಸಗಳಲ್ಲಿ ಒಂದನ್ನು ಸಭಿಕರು ಕೆಮ್ಮುತ್ತ, ಕುರ್ಚಿ ಸರಿಪಡಿಸಿಕೊಳ್ಳುತ್ತ ಗಮನಿಸದೇ ಬಿಡುತ್ತಾರೆ. ಕಛೇರಿಗೆ ಮುನ್ನ ಓಬೋ ವಾದ್ಯ ಒಂದೇ ಒಂದು ಸ್ವರವನ್ನು ಹಿಡಿದು ನಿಲ್ಲಿಸುತ್ತದೆ. ಮೊದಲ ಕುರ್ಚಿಯವರು ಅದನ್ನು ತಮ್ಮ ತಂತಿಗೆ ತೆಗೆದುಕೊಂಡು, ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಅವರ ಹಿಂದೆ ನೂರು ವಾದ್ಯಗಳು ಸರಿಹೋಗುತ್ತವೆ. ಒಂದು ಕಾಲಕ್ಕೆ, ನ್ಯೂಯಾರ್ಕಿನಲ್ಲಿ, ಪುಟ್ಟ ಹುಡುಗನೊಬ್ಬ ತನ್ನ ಪಿಟೀಲನ್ನು ಹಿರಿಯರ ಕೈಗೆ ಚಾಚಿ ಕಾದು ನಿಂತಿದ್ದನಲ್ಲ, ಅದೇ ಕೆಲಸ.